ಗೋಡೆಯೊಳಗಿನ ಕೇಬಲ್

ಹೊಸ ಟಿವಿ ಬಂದ ಮೇಲಿನ ಮೊದಲ ಭಾನುವಾರ. ಕಂಪ್ಯೂಟರನ್ನು ಹೋಮ್ ಥಿಯೇಟರಿಗೆ ಜೋಡಿಸಿ, ಸಂಜೆ ಎಲ್ಲರೂ ಕೂತು ಸಿನಿಮಾ ನೋಡೋದು ಅಂತ ತೀರ್ಮಾನವಾಗಿತ್ತು. ಹತ್ತು ನಿಮಿಷದ ಕೆಲಸ ಅಂತ ಮಗಳಿಗೆ ಹೇಳಿಬಿಟ್ಟಿದ್ದೆ.

ನಮ್ಮ ಮನೆಯ ಏರ್ಪಾಡು ಹೀಗಿದೆ. ಕಂಪ್ಯೂಟರ್ ಇರುವುದು ಪಕ್ಕದ ಕೋಣೆಯಲ್ಲಿ. ಅಲ್ಲಿಂದ ಚಿತ್ರ, ಸದ್ದು ಎರಡನ್ನೂ ಒಯ್ಯುವ ಹತ್ತು ಮೀಟರ್ ಉದ್ದದ ಎಚ್‌ಡಿಎಂಐ ಕೇಬಲ್ ಗೋಡೆಯೊಳಗಿನ ಪೈಪಿನಲ್ಲಿ ತೂರಿಕೊಂಡು ಹಾಲ್‌ನಲ್ಲಿರುವ ರಿಸೀವರಿಗೆ ಬರುತ್ತದೆ. ರಿಸೀವರ್ ಸದ್ದನ್ನು ಸ್ಪೀಕರ್‌ಗಳಿಗೆ ಹಂಚಿ, ಚಿತ್ರವನ್ನು ಇನ್ನೊಂದು ಚಿಕ್ಕ ಕೇಬಲ್ಲಿನಲ್ಲಿ ಟಿವಿಗೆ ದಾಟಿಸುತ್ತದೆ. ಹಳೆಯ 1080 ಟಿವಿ ಇದ್ದಾಗ ವರ್ಷಗಟ್ಟಲೆ ಒಂದು ದಿನವೂ ತಕರಾರು ಬಂದಿರಲಿಲ್ಲ.

ಎಲ್ಲಾ ಸಿಕ್ಕಿಸಿ ಆನ್ ಮಾಡಿದೆ. ಕಪ್ಪು ಪರದೆ, ಮಧ್ಯದಲ್ಲಿ 'ನೋ ಸಿಗ್ನಲ್'.

ಇದಕ್ಕೆ ನಾನು ಹೆದರಲಿಲ್ಲ. ಟಿವಿಯೊಳಗೆ ಇಡಿಐಡಿ ಅಂತ ಒಂದು ಪುಟ್ಟ ಜಾತಕ ಇರುತ್ತದೆ. ನನಗೆ ಇಷ್ಟು ದೊಡ್ಡ ಚಿತ್ರ ಆಗಿಬರುತ್ತದೆ, ಸೆಕೆಂಡಿಗೆ ಇಷ್ಟು ಸಲ ಬದಲಾದರೆ ಆಗಿಬರುತ್ತದೆ ಅಂತೆಲ್ಲ ಅದರಲ್ಲಿ ಬರೆದಿರುತ್ತದೆ. ಕಂಪ್ಯೂಟರ್ ಅದನ್ನು ಓದಿಯೇ ಚಿತ್ರ ಕಳಿಸುವುದು. ಮಧ್ಯೆ ರಿಸೀವರ್ ಇದ್ದರೆ ಜಾತಕ ಅದರ ಕೈ ದಾಟಿ ಬರಬೇಕು. ಒಂದೊಂದು ಸಲ ಆ ಮಾತುಕತೆ ಅರ್ಧಕ್ಕೇ ನಿಂತುಹೋಗುತ್ತದೆ. ಎಲ್ಲದರ ಪ್ಲಗ್ ಕಿತ್ತು ಎರಡು ನಿಮಿಷ ಬಿಟ್ಟೆ. ಮೊದಲು ಟಿವಿ, ಆಮೇಲೆ ರಿಸೀವರ್, ಕೊನೆಗೆ ಕಂಪ್ಯೂಟರ್ ಆನ್ ಮಾಡಿದೆ. ಚಿತ್ರ ಬಂತು.

ಚಿತ್ರ ಬಂತಲ್ಲ, ಹಾಗಾಗಿ ಕೇಬಲ್ ಸರಿಯಿದೆ ಅಂತ ಮನಸ್ಸಿನಲ್ಲೇ ಬರೆದುಕೊಂಡೆ. ಆ ದಿನ ಹಾಳಾಗಿದ್ದು ಅಲ್ಲೇ.

ಬಂದ ಚಿತ್ರದ ಅಂಚು ಸುತ್ತಲೂ ಕತ್ತರಿಸಿದ ಹಾಗಿತ್ತು. ಕೆಳಗಿನ ಟಾಸ್ಕ್‌ಬಾರ್ ಅರ್ಧ ಮಾಯ. ಇದು ದಪ್ಪ ಡಬ್ಬದ ಟಿವಿಗಳ ಕಾಲದಿಂದ ಬಂದ ಅಭ್ಯಾಸ. ಆಗ ಅಂಚಿನಲ್ಲಿ ಏನಾದರೂ ಕೊಳಕು ಕಾಣಬಾರದು ಅಂತ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ತೋರಿಸುತ್ತಿದ್ದರು. ಇವತ್ತಿಗೂ ಕೆಲವು ಟಿವಿಗಳು ಸುಮ್ನೆ ಹಾಗೇ ಮಾಡುತ್ತವೆ. ಚಿತ್ರದ ಅಳತೆಯ ಮೆನುವಿಗೆ ಹೋಗಿ ಬದಲಿಸಿದೆ, ಸರಿಹೋಯಿತು.

ಆಮೇಲೆ ಮೌಸ್. ಬಾಣದ ಗುರುತು ತಡವರಿಸಿ ತಡವರಿಸಿ ಓಡುತ್ತಿತ್ತು. ನೋಡಿದರೆ 4ಕೆ ಚಿತ್ರ, ಅಂದರೆ ಹಳೆಯ ಟಿವಿಯದಕ್ಕಿಂತ ನಾಲ್ಕರಷ್ಟು ಚುಕ್ಕೆಗಳಿರುವ ಚಿತ್ರ, ಸೆಕೆಂಡಿಗೆ 30 ಸಲ ಮಾತ್ರ ಬರುತ್ತಿದೆ. 60 ಅನ್ನುವ ಆಯ್ಕೆಯೇ ಪಟ್ಟಿಯಲ್ಲಿಲ್ಲ. ಇದರ ಗುಟ್ಟು ಟಿವಿಯ ಸೆಟ್ಟಿಂಗ್‌ನಲ್ಲಿತ್ತು. ಎಚ್‌ಡಿಎಂಐ ಕಿಂಡಿಯನ್ನು ಪೂರ್ತಿ ವೇಗಕ್ಕೆ ತೆರೆಯುವ ಒಂದು ಸ್ವಿಚ್ ಅಲ್ಲಿ ಆಫ್ ಆಗಿ ಕೂತಿತ್ತು. ಒಂದೊಂದು ಕಂಪನಿ ಅದಕ್ಕೆ ಒಂದೊಂದು ಹೆಸರಿಡುತ್ತದೆ, ಯಾವ ಹೆಸರಿನಲ್ಲೂ ಅದರ ಕೆಲಸ ಏನು ಅಂತ ಗೊತ್ತಾಗುವುದಿಲ್ಲ. ಆನ್ ಮಾಡಿದೆ. 60 ಬಂತು. ಮೌಸ್ ಬೆಣ್ಣೆಯಂತೆ ಜಾರಿತು. ಗೆದ್ದೆ ಅಂದುಕೊಂಡೆ.

ಐದು ನಿಮಿಷಕ್ಕೆ ಪರದೆ ಕಪ್ಪಾಯಿತು. ಎರಡು ಸೆಕೆಂಡ್ ಬಿಟ್ಟು ತಾನೇ ಮರಳಿ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಹತ್ತಿರ ಹೋಗಿ ನೋಡಿದರೆ, ಕಪ್ಪಾಗುವ ಮುಂಚೆ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ ಮಿಣುಕಿ ಮಾಯವಾಗುತ್ತಿತ್ತು. ಉಪ್ಪಿನ ಹರಳು ಎರಚಿದ ಹಾಗೆ. ಆ ಚುಕ್ಕೆ ಏನು ಹೇಳುತ್ತಿದೆ ಅಂತ ಆಗಲೇ ತಿಳಿಯಬೇಕಿತ್ತು.

ತಿಳಿಯಲಿಲ್ಲ. ಕಂಪ್ಯೂಟರಿನಲ್ಲಿ ಚಿತ್ರ ನೋಡಿಕೊಳ್ಳುವ ತಂತ್ರಾಂಶ, ಗ್ರಾಫಿಕ್ಸ್ ಡ್ರೈವರ್, ತೆಗೆದು ಮತ್ತೆ ಹಾಕಿದೆ. ಹಳೆಯ ಡ್ರೈವರ್ ಹುಡುಕಿ ಹಾಕಿದೆ. ರಿಸೀವರಿನ ಬೇರೆ ಬೇರೆ ಕಿಂಡಿಗೆ ಸಿಕ್ಕಿಸಿ ನೋಡಿದೆ. ಎರಡು ಗಂಟೆ ಹೀಗೇ ಹೋಯಿತು. ಒಂದೇ ಸಲಕ್ಕೆ ಮೂರು ಬದಲಾವಣೆ ಮಾಡಿ, ಯಾವುದರಿಂದ ಏನಾಯಿತು ಅಂತ ನನಗೇ ತಿಳಿಯದ ಸ್ಥಿತಿಗೆ ಬಂದಿದ್ದೆ.

"ಅಪ್ಪಾ, ಲ್ಯಾಪ್‌ಟಾಪಲ್ಲೇ ನೋಡೋಣ ಬಿಡು" ಅಂದಳು ಮಗಳು.

ಹೆಂಡತಿ ಬಾಗಿಲಲ್ಲಿ ನಿಂತು ಇದೆಲ್ಲ ನೋಡುತ್ತಿದ್ದಳು. "ರೀ, ಎಲ್ಲಾ ಕಿತ್ತು ಹಾಕಿದ್ರಿ. ಆ ಗೋಡೆಯೊಳಗಿನ ವೈರ್ ಒಂದನ್ನ ಮಾತ್ರ ಮುಟ್ಟೇ ಇಲ್ವಲ್ಲ?"

ಅದು ಸರಿಯಿದೆ, ಚಿತ್ರ ಬರ್ತಿದೆಯಲ್ಲ ಅಂತ ಹೇಳಲು ಹೋಗಿ ಸುಮ್ಮನಾದೆ. ಕಂಪ್ಯೂಟರನ್ನೇ ಎತ್ತಿಕೊಂಡು ಬಂದು ರಿಸೀವರ್ ಪಕ್ಕ ಇಟ್ಟೆ. ಹಳೆಯ ಡಬ್ಬದಲ್ಲಿದ್ದ ಎರಡು ಮೀಟರ್ ಕೇಬಲ್ ಸಿಕ್ಕಿಸಿದೆ. ಅರ್ಧ ಗಂಟೆ ಕಾದರೂ ಪರದೆ ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲ. ಒಂದೇ ಒಂದು ಚುಕ್ಕೆಯೂ ಇಲ್ಲ.

ಲೆಕ್ಕ ಹಾಕಿದರೆ ಬಹಳ ಸುಲಭ. 4ಕೆ ಚಿತ್ರ ಸೆಕೆಂಡಿಗೆ 30 ಸಲ ಹೋಗಬೇಕಾದರೆ ತಂತಿಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 9 ಗಿಗಾಬಿಟ್ ಮಾಹಿತಿ ಹರಿಯುತ್ತದೆ. 60 ಆದರೆ ಅದರ ಎರಡರಷ್ಟು, ಹತ್ತಿರ ಹತ್ತಿರ 18. ಗೋಡೆಯಿಂದ ಹೊರಗೆ ಚಾಚಿದ್ದ ಕೇಬಲ್ಲಿನ ಮೈಮೇಲೆ ಟಾರ್ಚ್ ಬಿಟ್ಟು ಓದಿದೆ: 'ಹೈ ಸ್ಪೀಡ್'. ಆ ದರ್ಜೆ 10.2 ಗಿಗಾಬಿಟ್ ಕಾಲದ್ದು. 18ಕ್ಕೆ 'ಪ್ರೀಮಿಯಂ ಹೈ ಸ್ಪೀಡ್' ಬೇಕು, ಅದರಲ್ಲೂ ಹತ್ತು ಮೀಟರ್ ತಾಮ್ರದಲ್ಲಿ ಕಷ್ಟ. ಡಿಜಿಟಲ್ ಅಂದರೆ ಬಂದರೆ ಪೂರ್ತಿ ಬರುತ್ತದೆ, ಇಲ್ಲದಿದ್ದರೆ ಇಲ್ಲ ಅಂತ ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಇವೆರಡರ ನಡುವೆ ಒಂದು ಚೂರು ಜಾಗವಿದೆ. ಬಿಳಿ ಚುಕ್ಕೆಗಳು ಇರುವುದು ಅಲ್ಲೇ.

ಅವತ್ತಿನ ಸಂಜೆಗೆ ದಾರಿ ಸಿಕ್ಕಿತು. ಸಿನಿಮಾ ಹೇಗೂ ಸೆಕೆಂಡಿಗೆ 24 ಚಿತ್ರಗಳದ್ದು ಅಲ್ವಾ? ಕಂಪ್ಯೂಟರನ್ನು ವಾಪಸ್ ಅದರ ಜಾಗದಲ್ಲಿಟ್ಟು, 24ಕ್ಕೆ ಇಳಿಸಿದೆ. ಹಳೆಯ ಕೇಬಲ್ಲಿಗೆ ಅದು ಭಾರವಲ್ಲ. ಕತ್ತಲ ದೃಶ್ಯಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ಬೆಳಕು ಎಷ್ಟು ಅನ್ನುವುದನ್ನು ಅಂಕಿಯಲ್ಲೇ ಕಳಿಸುವುದು; ಕಂಪ್ಯೂಟರ್ ಕಪ್ಪನ್ನು 16 ಅಂತ ಕಳಿಸುತ್ತಿತ್ತು, ಟಿವಿ ಕಪ್ಪು ಅಂದರೆ 0 ಅಂತ ಕಾಯುತ್ತಿತ್ತು. ಅದನ್ನೂ ಹೊಂದಿಸಿ ಕೂತೆವು. ಮೌಸ್ ಮುಟ್ಟದಿದ್ದರೆ ಆಯಿತು.

ಎರಡು ವಾರ ಬಿಟ್ಟು ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ತಂದೆ. ಒಳಗೆ ಬೆಳಕು ಸಾಗಿಸುವ ಎಳೆಗಳಿರುವುದರಿಂದ ಹತ್ತು ಮೀಟರ್ ಉದ್ದ ಅದಕ್ಕೆ ಲೆಕ್ಕಕ್ಕಿಲ್ಲ. ಹಳೆಯದರ ತುದಿಗೆ ಹೊಸದನ್ನು ಟೇಪ್ ಸುತ್ತಿ ಕಟ್ಟಿದೆ. ಹಾಲ್ ಕಡೆಯಿಂದ ನಾನು ತೂರಿಸುತ್ತಾ ಹೋದೆ, ಕೋಣೆಯಿಂದ ಹೆಂಡತಿ ಮೆಲ್ಲಗೆ ಎಳೆದಳು. ಮುಕ್ಕಾಲು ಗಂಟೆ ಬೇಕಾಯಿತು. ಎರಡೂ ಕಡೆ ಸಿಕ್ಕಿಸಿ ಆನ್ ಮಾಡಿದೆ.

ನೋ ಸಿಗ್ನಲ್.

ಟಿವಿ, ರಿಸೀವರ್, ಕಂಪ್ಯೂಟರ್ ಎಲ್ಲಾ ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಅದೇ. ಈ ಜಾತಿಯ ಕೇಬಲ್ಲಿಗೆ ಹಿಂದು ಮುಂದು ಇರುತ್ತದೆ, ಒಂದೇ ದಿಕ್ಕಿಗೆ ಚಿತ್ರ ಕಳಿಸುತ್ತದೆ ಅನ್ನುವುದು ನೆನಪಾಗುವ ಹೊತ್ತಿಗೆ ಮಗಳು ಕಂಪ್ಯೂಟರಿನ ಹಿಂದೆ ತಲೆ ತೂರಿಸಿ ಕೂಗಿದಳು.

"ಅಪ್ಪಾ, ಈ ತುದಿ ಮೇಲೆ 'ಡಿಸ್‌ಪ್ಲೇ' ಅಂತ ಬರೆದಿದೆ."

ಒಂದು ತುದಿಗೆ ದಾರ ಕಟ್ಟಿ ಮತ್ತೆ ಹೊರಗೆಳೆಯಲು ಶುರು ಮಾಡಿದೆವು.