ಲಿವರ್ ಬದಲಾಯಿಸಿದರೆ ಇಮ್ಯೂನಿಟಿಯೂ ಸರಿಹೋಗುತ್ತಾ?

ಆಂಟಿಬಾಡಿ ಕೊರತೆಯಿಂದ ಮೂರ್ನಾಲ್ಕು ವಾರಕ್ಕೊಮ್ಮೆ ಐವಿಐಜಿ (ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿಯ ಡ್ರಿಪ್) ಹಾಕಿಸಿಕೊಳ್ಳುವವರಿಗೆ ಲಿವರೂ ಕೆಟ್ಟಿದೆ ಎಂದು ಗೊತ್ತಾದರೆ, ಮೈಸೂರಾಗಲಿ ಮಂಡ್ಯವಾಗಲಿ, ಮನೆಯವರು ಕೇಳುವುದು ಇದನ್ನೇ: "ಹೊಸ ಲಿವರ್ ಹಾಕಿಸಿದರೆ ಇಮ್ಯೂನಿಟಿಯೂ ಬರುತ್ತಲ್ವಾ?"

ಬರೋದಿಲ್ಲ. ಆಂಟಿಬಾಡಿ ಮಾಡುವ ಬಿ ಕಣಗಳು ಹುಟ್ಟುವುದು ಮೂಳೆಮಜ್ಜೆಯಲ್ಲಿ. ಲಿವರ್ ಹೊಸದಾದರೂ ಮಜ್ಜೆ ಹಳೆಯದೇ. ಐವಿಐಜಿ ತಪ್ಪೋದಿಲ್ಲ, ಮೇಲೆ ಟ್ಯಾಕ್ರೊಲಿಮಸ್ ಬೇರೆ ಸೇರುತ್ತೆ. ಹೊಸ ಅಂಗವನ್ನು ದೇಹ ತಿರಸ್ಕರಿಸದಿರಲಿ ಎಂದು ಉಳಿದಿರುವ ಪ್ರತಿರೋಧವನ್ನೂ ತಗ್ಗಿಸುವ ಔಷಧಿ ಅದು. ಸೋಂಕಿನ ವಿರುದ್ಧ ಆಂಟಿಬಾಡಿಗೆ ಜೊತೆಯಾಗುವ ಕಾಂಪ್ಲಿಮೆಂಟ್ ಪ್ರೋಟೀನುಗಳು ಮಾತ್ರ ಬಹುಪಾಲು ಲಿವರಿನಲ್ಲೇ ತಯಾರಾಗುತ್ತವೆ, ಆ ಕೊರತೆಗಳ ಲೆಕ್ಕ ಬೇರೆ.

ಆದ್ದರಿಂದ ಕಸಿಯ ಮಾತಿಗಿಂತ ಮೊದಲು ಯಾವ ಕೊರತೆ ಎಂದು ಜೀನ್ ಪರೀಕ್ಷೆಯಲ್ಲಿ ತಿಳಿಯಬೇಕು. ಗಂಡುಮಕ್ಕಳಿಗೆ ಬರುವ ಸಿಡಿ40 ಲೈಗ್ಯಾಂಡ್ (ಬಿ ಕಣಗಳಿಗೆ ಸೂಚನೆ ಕೊಡುವ ಪ್ರೋಟೀನ್) ಕೊರತೆಯನ್ನೇ ನೋಡಿ. ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಕರುಳಿಂದ ಪಿತ್ತನಾಳಕ್ಕೆ ಏರಿ, ನಾಳ ಗಟ್ಟಿಯಾಗಿ ಕಿರಿದಾಗುತ್ತೆ. ಲಿವರ್ ಒಂದನ್ನೇ ಬದಲಾಯಿಸಿದರೆ ಅದೇ ಪರಾವಲಂಬಿ ಹೊಸದಕ್ಕೂ ಹತ್ತುತ್ತೆ. ಇಲ್ಲಿ ಬೋನ್ ಮ್ಯಾರೋ ಕಸಿಯೂ ಬೇಕು, ಅದೂ ಲಿವರ್ ಪೂರ್ತಿ ಕೆಡುವ ಮೊದಲೇ ಆದರೆ ಒಳ್ಳೆಯದು. ಈ ಪರಾವಲಂಬಿ ನಲ್ಲಿ ನೀರಿನ ಕ್ಲೋರಿನ್‌ಗೆ ಜಗ್ಗೋದಿಲ್ಲ. ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಡಬೇಕು. ರಸ್ತೆಬದಿಯ ಐಸ್ ಹಾಕಿದ ಕಬ್ಬಿನ ಹಾಲು ಬೇಡ. ಮಂಡ್ಯ ಕಡೆ ಹಸು ಕಟ್ಟಿದ ಮನೆಗಳಲ್ಲಿ ಇನ್ನೊಂದು: ಭೇದಿಯಾಗುತ್ತಿರುವ ಎಳೆಗರುವಿನ ಹತ್ತಿರ, ಅದರ ಸಗಣಿಯ ಹತ್ತಿರ ಈ ಮಗು ಹೋಗಬಾರದು.

ದೊಡ್ಡವರಲ್ಲಿ ಹೆಚ್ಚು ಕಾಣುವುದು ಸಿವಿಐಡಿ ಎಂಬ ಆಂಟಿಬಾಡಿ ಕೊರತೆ. ಇದರಲ್ಲಿ ಲಿವರ್ ಮೋಸ ಮಾಡುತ್ತೆ. ಎಲ್‌ಎಫ್‌ಟಿ (ಲಿವರಿನ ರಕ್ತಪರೀಕ್ಷೆ) ಹೆಚ್ಚುಕಡಿಮೆ ನಾರ್ಮಲ್, ಅದರಲ್ಲಿರುವ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಮಾತ್ರ ತುಸು ಮೇಲೆ. ಇತ್ತ ಗುಲ್ಮ ದೊಡ್ಡದಾಗುತ್ತಾ, ಪ್ಲೇಟ್‌ಲೆಟ್ ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗುತ್ತೆ. ಲಿವರಿನೊಳಗೆ ಸಣ್ಣ ಸಣ್ಣ ಗಂಟುಗಳೆದ್ದು ಪೋರ್ಟಲ್ ರಕ್ತದೊತ್ತಡ (ಕರುಳಿಂದ ಲಿವರಿಗೆ ಬರುವ ರಕ್ತನಾಳದ ಒತ್ತಡ) ಏರಿರುತ್ತೆ, ಸಿರೋಸಿಸ್ ಇರೋದಿಲ್ಲ. ಬಯಾಪ್ಸಿ ಕಳಿಸುವಾಗ ರೆಟಿಕ್ಯುಲಿನ್ ಸ್ಟೇನ್ (ಲಿವರಿನ ಎಳೆಗಳನ್ನು ತೋರಿಸುವ ಬಣ್ಣ) ಮಾಡಿ ಎಂದು ಬರೆಸಿ, ಇಲ್ಲದಿದ್ದರೆ ಈ ಗಂಟುಗಳು ಕಣ್ತಪ್ಪುತ್ತವೆ. ಕಸಿ ಎಷ್ಟು ತುರ್ತು ಎಂದು ತೋರಿಸುವ ಮೆಲ್ಡ್ ಅಂಕ ಎಣಿಸುವುದು ಮುಖ್ಯವಾಗಿ ರಕ್ತಪರೀಕ್ಷೆಯ ಬಿಲಿರುಬಿನ್, ಐಎನ್‌ಆರ್, ಕ್ರಿಯಾಟಿನಿನ್ ನೋಡಿ. ಇವರಲ್ಲಿ ರಕ್ತವಾಂತಿಯಾಗುತ್ತಿದ್ದರೂ ಆ ಅಂಕ ಕಡಿಮೆಯೇ ಇರಬಹುದು. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿಗೆ ಎಂಡೋಸ್ಕೋಪಿಯಲ್ಲಿ ಬ್ಯಾಂಡ್ ಹಾಕಿಸಿ, ಆ ಒತ್ತಡ ಇಳಿಸುವ ಬೀಟಾ ಬ್ಲಾಕರ್ ಕೊಟ್ಟು ಎಷ್ಟೋ ಜನರನ್ನು ಕಸಿಯಿಲ್ಲದೆ ನಿಭಾಯಿಸಬಹುದು. ಆತುರ ಬೇಡ ಅನ್ನುವುದು ಅದಕ್ಕೇ. ಕಸಿಯಾದ ಲಿವರಿನಲ್ಲೂ ಇದೇ ಗಂಟುಗಳು ಮತ್ತೆ ಕಂಡದ್ದುಂಟು.

ಹೆಪಟೈಟಿಸ್‌ಗೆ ಆಂಟಿಬಾಡಿ ಪರೀಕ್ಷೆ ನಂಬಬೇಡಿ. ಆಂಟಿಬಾಡಿಯೇ ತಯಾರಾಗದವರಲ್ಲಿ ಸೋಂಕಿದ್ದರೂ ನೆಗೆಟಿವ್ ಬರಬಹುದು. ಐವಿಐಜಿ ಪಡೆದವರಲ್ಲಿ ದಾನಿಗಳ ಆಂಟಿಬಾಡಿಯಿಂದ ಸುಮ್ಮಸುಮ್ಮನೆ ಪಾಸಿಟಿವ್ ಬರಬಹುದು. ಬಿ, ಸಿ ಎರಡಕ್ಕೂ ವೈರಸ್ಸನ್ನೇ ಹುಡುಕುವ ಪಿಸಿಆರ್ ಮಾಡಿಸಿ.

ಲಿವರಿನ ಭಾಗ ಕೊಡಲು ಮನೆಯವರೇ ಮುಂದೆ ಬರುತ್ತಾರೆ. 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ ತಂದೆ ತಾಯಿ, ಒಡಹುಟ್ಟಿದವರು, ಗಂಡ ಹೆಂಡತಿ, ಮಕ್ಕಳು ಹತ್ತಿರದ ಸಂಬಂಧಿಗಳೇ. ಆದರೆ ಅಣ್ಣತಮ್ಮಂದಿರಲ್ಲಿ ಅದೇ ಕೊರತೆ ಇನ್ನೂ ಹೊರಗೆ ಕಾಣದೆ ಇರಬಹುದು. ಸೋದರಮಾವನಿಗೆ ಕೊಟ್ಟು ತಂದು ಮಾಡಿದ ಕುಟುಂಬಗಳಲ್ಲಂತೂ ಇನ್ನೂ ಹುಷಾರಾಗಿರಬೇಕು. ರಕ್ತದ ಗುಂಪು ಹೊಂದಿದರೆ ಸಾಲದು, ದಾನಿಯ ಐಜಿಜಿ (ರಕ್ತದ ಮುಖ್ಯ ಆಂಟಿಬಾಡಿ) ಮಟ್ಟವನ್ನೂ ಜೀನನ್ನೂ ನೋಡಬೇಕು. ಮನೆಯಲ್ಲಿ ದಾನಿ ಸಿಗದಿದ್ದರೆ ಆಸ್ಪತ್ರೆಯ ಮೂಲಕ ರಾಜ್ಯದ ಅಂಗಾಂಗ ದಾನ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಬೇಕು.

ಐವಿಐಜಿ ಸಾಮಾನ್ಯವಾಗಿ ಒಂದು ಸಲಕ್ಕೆ ಕೆಜಿಗೆ 400ರಿಂದ 600 ಮಿಲಿಗ್ರಾಂ, ಅಂದರೆ 50 ಕೆಜಿಯವರಿಗೆ 20ರಿಂದ 30 ಗ್ರಾಂ. ಹೊಟ್ಟೆಯ ನೀರು ತೆಗೆಸಿದಾಗಲೆಲ್ಲ ಐಜಿಜಿಯೂ ಅದರ ಜೊತೆ ಹೋಗುತ್ತೆ, ಹಾಗಾಗಿ ಮುಂದಿನ ಡೋಸ್‌ಗೆ ಮುಂಚೆ ಮಟ್ಟ ನೋಡಿಸಿ. ಕಸಿಯಾದ ಮೇಲೆ ಶ್ವಾಸಕೋಶದ ಸೋಂಕು ತಡೆಯುವ ಕೋ-ಟ್ರೈಮಾಕ್ಸಜೋಲ್ ಬಿಡಬಾರದು, ಸಿಎಂವಿ ಎಂಬ ವೈರಸ್ಸಿನ ಪಿಸಿಆರ್ ಕಾಲಕಾಲಕ್ಕೆ ಆಗಬೇಕು.

ಫಂಗಸ್‌ಗೆ ಫ್ಲುಕೊನಜೋಲ್ ಶುರುಮಾಡಿದರೆ ಟ್ಯಾಕ್ರೊಲಿಮಸ್ ಮಟ್ಟ ಏರಿ ಕಿಡ್ನಿಗೆ ಪೆಟ್ಟು. ನಿಲ್ಲಿಸಿದರೆ ಮಟ್ಟ ಇಳಿದು ತಿರಸ್ಕಾರದ ಭಯ. ಎರಡೂ ಸಲ ರಕ್ತಪರೀಕ್ಷೆ ಬೇಕು. ಚಕ್ಕೋತವೂ ಆ ಮಟ್ಟ ಏರಿಸುತ್ತೆ, ಒಂದು ತೊಳೆಯೂ ಬೇಡ. ಇಮ್ಯೂನಿಟಿಗೆ ಒಳ್ಳೇದು ಅಂತ ನೆಂಟರು ತಂದುಕೊಡುವ ಅಮೃತಬಳ್ಳಿ ಕಷಾಯವೂ ಬೇಡ: ಕೋವಿಡ್ ಕಾಲದಲ್ಲಿ ಅದನ್ನು ಕುಡಿದವರಲ್ಲಿ ಲಿವರ್ ಊತ ಕಂಡದ್ದನ್ನು ಮುಂಬೈ ವೈದ್ಯರು ವರದಿ ಮಾಡಿದ್ದಾರೆ.