ಮೂವರು ರಂಗರು, ಎರಡು ರಾತ್ರಿ

ಬಸವನಗುಡಿಯ ನಮ್ಮ ಮನೆಯಲ್ಲಿ ಪ್ರವಾಸದ ಮಾತೆದ್ದಾಗ ಮೂರು ಬೇಡಿಕೆಗಳು ಒಟ್ಟಿಗೇ ಬಂದವು. ಅಮ್ಮನಿಗೆ ರಂಗನಾಥನ ದರ್ಶನವಾಗಬೇಕು, ಮಗಳಿಗೆ ಕಾಡಿನಲ್ಲಿ ಆನೆ ಕಾಣಬೇಕು, ನನಗೆ 2023ರಲ್ಲಿ ಬೇಲೂರು ಮತ್ತು ಹಳೇಬೀಡಿನೊಂದಿಗೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸೋಮನಾಥಪುರವನ್ನು ನಿಧಾನವಾಗಿ ನೋಡಬೇಕು. ಇದ್ದದ್ದು ಶುಕ್ರವಾರದಿಂದ ಭಾನುವಾರದವರೆಗೆ ಮೂರೇ ದಿನ.

ಮೊದಲು ಊರುಗಳನ್ನು ಬರೆದುಕೊಂಡು, ನಡುವೆ ಕಿಲೋಮೀಟರುಗಳನ್ನು ತುಂಬಿ, ಯೋಜನೆ ಮುಗಿಯಿತೆಂದುಕೊಂಡೆ. ಆದರೆ ಈ ಬಗೆಯ ಪ್ರವಾಸದಲ್ಲಿ ದೂರಕ್ಕಿಂತ ಬಾಗಿಲುಗಳ ಲೆಕ್ಕವೇ ದೊಡ್ಡದು: ದೇವಸ್ಥಾನ ಮಧ್ಯಾಹ್ನ ಬಾಗಿಲು ಹಾಕುತ್ತದೆ, ಸ್ಮಾರಕ ಸಂಜೆಗೆ ಮುಚ್ಚುತ್ತದೆ, ಕಾಡಿನ ಚೆಕ್‌ಪೋಸ್ಟ್ ಕತ್ತಲಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಆದ್ದರಿಂದ ಮುಚ್ಚುವ ಹೊತ್ತುಗಳನ್ನು ಮೊದಲು ಬರೆದು, ಊರುಗಳನ್ನು ಅವುಗಳ ನಡುವೆ ಕೂರಿಸಿದೆ. ದಿನಕ್ಕೊಂದು ಊರಿನಲ್ಲಿ ಗಂಟುಮೂಟೆ ಬಿಚ್ಚುವುದು ಅಮ್ಮನ ಮಂಡಿಗೆ ಹಿಂಸೆಯಾಗುವುದರಿಂದ, ಎರಡು ರಾತ್ರಿಯನ್ನೂ ಕಾಡಿನ ನಡುವಿನ ಬಿಳಿಗಿರಿರಂಗನ ಬೆಟ್ಟದಲ್ಲೇ ಕಳೆಯುವುದೆಂದು ನಿಶ್ಚಯಿಸಿದೆವು. ಮಳೆಗಾಲದಲ್ಲಿ ಕನ್ನಂಬಾಡಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ; ಹಾಗಾಗಿ ಫೆಬ್ರವರಿಯನ್ನು ಆರಿಸಿದೆವು.

ಶುಕ್ರವಾರ ಬೆಳಗಿನ ಐದೂವರೆಗೆ ಮನೆ ಬಿಟ್ಟು, ಮೈಸೂರು ಎಕ್ಸ್‌ಪ್ರೆಸ್‌ವೇ ಹಿಡಿದು, ಮೊದಲ ದೋಣಿಯ ಹೊತ್ತಿಗೆ ರಂಗನತಿಟ್ಟು ಮುಟ್ಟಿದೆವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಸಂಸ್ಥಾನ ಈ ನಡುಗಡ್ಡೆಗಳನ್ನು ಪಕ್ಷಿಧಾಮವಾಗಿ ಘೋಷಿಸಿತು; 2022ರಲ್ಲಿ ಇದು ಕರ್ನಾಟಕದ ಮೊದಲ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವಾಯಿತು. ಬಣ್ಣದ ಕೊಕ್ಕರೆಗಳು ಗೂಡಿಗೆ ಕಡ್ಡಿ ಹೊರುತ್ತಿದ್ದ ಮರದ ಬುಡದಲ್ಲೇ, ಬಂಡೆಯ ಮೇಲೆ ಒಂದು ಮೊಸಳೆ ಬಾಯಿ ತೆರೆದು ಬಿಸಿಲು ಕಾಯುತ್ತಿತ್ತು. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಬಂದು, ಬಾಗಿಲು ಹಾಕುವ ಮುನ್ನ, ಆದಿಶೇಷನ ಮೇಲೆ ಮಲಗಿದ ಆದಿರಂಗನ ದರ್ಶನ ಮಾಡಿದೆವು. ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗ, ಈ ಮೂವರನ್ನೂ ಒಂದೇ ದಿನದಲ್ಲಿ ಕಂಡರೆ ಮಹಾಪುಣ್ಯವೆಂಬ ನಂಬಿಕೆಯನ್ನು ಅಮ್ಮ ಅಲ್ಲಿ ಪ್ರಸ್ತಾಪಿಸಿದರು. ನಾನು ಕೇಳಿಸದವನಂತೆ ಕಾರಿನ ಕಡೆಗೆ ನಡೆದೆ.

ಬನ್ನೂರಿನ ಮೇಲೆ ಹೋಗಿ ಸೋಮನಾಥಪುರ ಸೇರಿದಾಗ ಮಧ್ಯಾಹ್ನ ಒಂದೂವರೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ, ತನ್ನ ಹೆಸರಿನಲ್ಲಿ ಅಗ್ರಹಾರವನ್ನು ಸ್ಥಾಪಿಸಿ, 1258ರಲ್ಲಿ ಕಟ್ಟಿಸಿದ ಕೇಶವ ದೇವಾಲಯವಿದು. ಕೇಶವ, ಜನಾರ್ದನ, ವೇಣುಗೋಪಾಲರಿಗೆ ಒಂದೊಂದು ಗರ್ಭಗುಡಿಯಿರುವ ತ್ರಿಕೂಟ. ಮೂಲ ಕೇಶವ ಮೂರ್ತಿ ಈಗಿಲ್ಲ, ಪೂಜೆಯೂ ನಡೆಯುವುದಿಲ್ಲ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವುದರಿಂದಲೇ, ಬೆರಳಿನುಂಗುರದ ಕುಸುರಿಯೂ ಇಲ್ಲಿ ಉಳಿದಿದೆ. ಮಲ್ಲಿತಮ್ಮನೆಂಬ ರೂವಾರಿ ಹಲವು ವಿಗ್ರಹಗಳ ಕೆಳಗೆ ತನ್ನ ಹೆಸರನ್ನೇ ಕೊರೆದಿದ್ದಾನೆ. ನಾನು ಆ ಹೆಸರನ್ನು ಹುಡುಕುತ್ತಿದ್ದಾಗ, ಮಗಳು ಗೋಡೆಯ ಕೆಳಪಟ್ಟಿಕೆಯ ಆನೆಸಾಲನ್ನು ಎಣಿಸುತ್ತಾ ಗುಡಿಯನ್ನು ಸುತ್ತುತ್ತಿದ್ದಳು. ಎರಡನೆಯ ಮೂಲೆಯಲ್ಲಿ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಆರಂಭಿಸಿದಳು. ಪೂಜೆಯಿಲ್ಲದ ದೇವರಿಗೆ ಕೈ ಮುಗಿಯುವುದೋ ಬೇಡವೋ ಎಂದು ಅನುಮಾನಿಸುತ್ತಿದ್ದ ಅಮ್ಮ, ಕೊಳಲೂದುವ ವೇಣುಗೋಪಾಲನ ಮುಂದೆ ಮಾತ್ರ ಬಹಳ ಹೊತ್ತು ನಿಂತರು.

ಹೀಗೆ ಮೂರೂಕಾಲಾಯಿತು. ಯೋಜನೆಯಲ್ಲಿ ಮುಂದಿನದು ತಲಕಾಡು. ಮರಳಿನಲ್ಲಿ ನಡೆದು ವೈದ್ಯೇಶ್ವರ ಮತ್ತು ಕೀರ್ತಿನಾರಾಯಣ ಗುಡಿಗಳನ್ನು ನೋಡುವುದು ಅರ್ಧ ಗಂಟೆಯ ಕೆಲಸವಲ್ಲ. ನನ್ನ ಹೆಂಡತಿ ಗಡಿಯಾರ ನೋಡಿ, "ತಲಕಾಡನ್ನು ಬಿಡೋಣ, ಬೆಟ್ಟದ ಗೇಟು ಮುಚ್ಚಿದರೆ ರಾತ್ರಿ ಎಲ್ಲಿರುತ್ತೀರಿ?" ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೊಳ್ಳೇಗಾಲ, ಯಳಂದೂರು ದಾಟಿ, ಬೆಳಕಿರುವಾಗಲೇ ಬೆಟ್ಟ ಹತ್ತಿದೆವು.

2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಈ ಬೆಟ್ಟದಲ್ಲಿ ದೇವಸ್ಥಾನ, ಪರಂಪರೆ, ವನ್ಯ ಎಂಬ ನನ್ನ ಮೂರು ಪಟ್ಟಿಗಳು ಒಂದರೊಳಗೊಂದು ಬೆರೆತವು. ಬಂಡೆಯ ಅಂಚಿನ ಗುಡಿಯಲ್ಲಿ ರಂಗನಾಥ ಮಲಗಿಲ್ಲ, ನಿಂತಿದ್ದಾನೆ. ಅವನಿಗೆ ಚರ್ಮದ ದೊಡ್ಡ ಪಾದರಕ್ಷೆಗಳನ್ನು ಅರ್ಪಿಸುತ್ತಾರೆ. ರಾತ್ರಿ ಅವುಗಳನ್ನು ಮೆಟ್ಟಿ ಅವನು ಕಾಡು ಸುತ್ತುತ್ತಾನೆಂಬುದು ಭಕ್ತರ ನಂಬಿಕೆ. ಇಲ್ಲಿನ ಆದಿವಾಸಿಗಳಾದ ಸೋಲಿಗರಿಗೆ ಅವನು ರಂಗಬಾವ, ಅವರ ಕುಲದ ಕುಸುಮಾಲೆಯನ್ನು ಮದುವೆಯಾದವನು. ಅವರಿಗೆ ಪೂಜ್ಯವಾದ ದೊಡ್ಡ ಸಂಪಿಗೆಯ ಮರ ಇರುವುದು ಕಾಡಿನೊಳಗೆ. ಅದನ್ನು ದೇವಸ್ಥಾನವೆಂದು ಬರೆಯಬೇಕೋ, ಪರಂಪರೆಯೆಂದೋ, ವನ್ಯವೆಂದೋ ನನಗೆ ತಿಳಿಯಲಿಲ್ಲ. ಅಲ್ಲಿಗೆ ಹೋಗಲು ಮೊದಲೇ ಅನುಮತಿ ಪಡೆಯದಿದ್ದದ್ದು ನನ್ನ ತಪ್ಪು.

ಶನಿವಾರ ನಸುಕಿನ ಸಫಾರಿಯಲ್ಲಿ ಕಡವೆ, ಕಾಟಿ, ಒಂದು ಸೀಳುನಾಯಿ ಕಂಡವು. ಆನೆಯ ಲದ್ದಿ ಕಂಡಿತು, ಆನೆ ಕಾಣಲಿಲ್ಲ. ದಾರಿಯ ಎರಡೂ ಬದಿಯಲ್ಲಿ ಲಂಟಾನ ಗೋಡೆಯಂತೆ ಬೆಳೆದು, ಅದರಾಚೆ ಏನಿದೆಯೆಂಬುದೇ ತಿಳಿಯುತ್ತಿರಲಿಲ್ಲ. ಬೇಸಗೆಗೆ ಮುಂಚೆ ತಾವು ನೆಲದ ಒಣ ಎಲೆಗಳಿಗೆ ಹಾಕುತ್ತಿದ್ದ ತರಗುಬೆಂಕಿ ನಿಂತ ಮೇಲೆಯೇ ಈ ಕಳೆ ಹೀಗೆ ಹಬ್ಬಿತೆಂದು ಸೋಲಿಗ ಹಿರಿಯರು ಹೇಳುತ್ತಾ ಬಂದಿದ್ದಾರೆ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಸೋಲಿಗರ ಅರಣ್ಯ ಹಕ್ಕಿಗೆ ಮಾನ್ಯತೆ ಸಿಕ್ಕಿದ್ದೂ ಅದೇ 2011ರಲ್ಲಿ; ಅವರ ಮಾತಿಗೆ ಇನ್ನೂ ಸ್ವಲ್ಪ ಮುಂಚೆ ಕಿವಿಗೊಡಬಹುದಿತ್ತೆಂದು ನನಗನಿಸಿತು.

ಭಾನುವಾರ ಶಿವನಸಮುದ್ರದಲ್ಲಿ ಮಧ್ಯರಂಗನ ದರ್ಶನ ಮುಗಿಸಿ, ಮಳವಳ್ಳಿ, ಕನಕಪುರದ ದಾರಿಯಲ್ಲಿ ಮರಳಿದೆವು. ಮಗಳು ಸೋಮನಾಥಪುರದ ಆನೆಗಳ ಚಿತ್ರ ಬಿಡಿಸುತ್ತಿದ್ದಳು. ಕನಕಪುರ ದಾಟುವಾಗ ಅಮ್ಮ ಹಿಂದಿನ ಸೀಟಿನಿಂದ, "ಶ್ರೀರಂಗಕ್ಕೆ ರಾತ್ರಿ ರೈಲು ಇದೆಯಲ್ಲವೇನೋ?" ಎಂದರು. ಹೆಂಡತಿ ಚೀಟಿ ತೆಗೆದು, ಉಳಿದಿದ್ದ ತಲಕಾಡಿನ ಕೆಳಗೆ ಶ್ರೀರಂಗವನ್ನೂ ಬರೆದುಕೊಂಡಳು.