ಕುದುರೆಮರಿಯ ಕಥೆಯನ್ನು ದೊಡ್ಡವರು ಏಕೆ ಓದಬೇಕು?

ಓದಲು ಒಂದು ಒಳ್ಳೆಯ ಇಂಗ್ಲಿಷ್ ಕಾದಂಬರಿ ಹೇಳಿ ಎಂದವರಿಗೆ ನಾನು ಮೇರಿ ಓಹಾರಾ ಅವರ ‘ಮೈ ಫ್ರೆಂಡ್ ಫ್ಲಿಕಾ’ದ ಹೆಸರು ಹೇಳಿದಾಗಲೆಲ್ಲ ಒಂದೇ ಪ್ರಶ್ನೆ ಎದುರಾಗುತ್ತದೆ: ‘ಅದು ಮಕ್ಕಳ ಪುಸ್ತಕವಲ್ಲವೇ? ಒಬ್ಬ ಹುಡುಗ, ಒಂದು ಕುದುರೆಮರಿ, ಅಷ್ಟೇ ತಾನೇ?’ 1941ರಲ್ಲಿ ಪ್ರಕಟವಾದ ಈ ಕೃತಿಯನ್ನು ಮಕ್ಕಳು ಧಾರಾಳವಾಗಿ ಓದಲಿ. ಆದರೆ ಕೈಯಲ್ಲಿ ದುಡ್ಡಿಲ್ಲದ ಮನೆಯೊಳಗೆ ಗಂಡ, ಹೆಂಡತಿ, ಮಕ್ಕಳ ನಡುವಿನ ಪ್ರೀತಿಗೆ ಏನೇನಾಗುತ್ತದೆ ಎಂಬುದನ್ನು ಇಷ್ಟು ಹತ್ತಿರದಿಂದ ಕಂಡ ಕಾದಂಬರಿಗಳು ನನ್ನ ಓದಿನಲ್ಲಿ ಹೆಚ್ಚಿಲ್ಲ.

ಕಥೆ ನಡೆಯುವುದು ಅಮೆರಿಕದ ವಯೋಮಿಂಗ್ ರಾಜ್ಯದ ಎತ್ತರದ ಹುಲ್ಲುಗಾವಲುಗಳಲ್ಲಿರುವ ಗೂಸ್ ಬಾರ್ ಎಂಬ ರ‍್ಯಾಂಚ್‌ನಲ್ಲಿ. ಸೈನ್ಯದ ಅಧಿಕಾರಿಯಾಗಿದ್ದ ರಾಬ್ ಮೆಕ್‌ಲಾಫ್ಲಿನ್ ಅಲ್ಲಿ ಕುದುರೆ ಸಾಕಿ ಬದುಕಲು ಹೊರಟಿದ್ದಾನೆ, ಅದೂ ಕಾರು, ಲಾರಿ, ಟ್ರ್ಯಾಕ್ಟರುಗಳು ಕುದುರೆಯ ಜಾಗವನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತಿದ್ದ ಕಾಲದಲ್ಲಿ. ಅವನ ಕಿರಿಯ ಮಗ, ಹತ್ತು ವರ್ಷದ ಕೆನ್, ಪ್ರಬಂಧ ಬರೆಯಬೇಕಾದ ಪರೀಕ್ಷೆಯಲ್ಲಿ ಕಿಟಕಿಯಾಚೆ ನೋಡುತ್ತ ಕುಳಿತು ಸೊನ್ನೆ ತಂದಿದ್ದಾನೆ. ಸೊನ್ನೆ ಬರುವುದಾದರೂ ಹೇಗೆ ಸಾಧ್ಯ ಎಂದು ತಂದೆಗೆ ಅರ್ಥವೇ ಆಗುವುದಿಲ್ಲ. ಮಗ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಬೇಕೆಂದರೆ ಆ ಮನೆಯಲ್ಲಿ ಅದು ಅವಮಾನ ಮಾತ್ರವಲ್ಲ, ಖರ್ಚು ಕೂಡ.

ತನ್ನದೇ ಆದ ಒಂದು ಮರಿ ಇದ್ದರೆ ಹುಡುಗನಿಗೆ ಜವಾಬ್ದಾರಿ ಬಂದೀತು ಎಂದು ತಾಯಿ ನೆಲ್ ಗಂಡನನ್ನು ಒಪ್ಪಿಸುತ್ತಾಳೆ. ಕೆನ್ ಆರಿಸಿಕೊಳ್ಳುವುದು ಎಂದೂ ಪಳಗದ, ಹುಚ್ಚು ರಕ್ತದ್ದೆಂದು ತಂದೆ ತೀರ್ಮಾನಿಸಿಬಿಟ್ಟಿರುವ ತಳಿಯ ಹೆಣ್ಣುಮರಿಯನ್ನು. ಹಿಡಿಯಲು ಹೋದಾಗ ಅದು ಮುಳ್ಳುತಂತಿಯ ಬೇಲಿಗೆ ನುಗ್ಗಿ ಮೈ ಹರಿದುಕೊಳ್ಳುತ್ತದೆ, ಗಾಯಕ್ಕೆ ನಂಜೇರುತ್ತದೆ, ದಿನದಿಂದ ದಿನಕ್ಕೆ ಸೊರಗಿ ಎಲುಬಿನ ಗೂಡಾಗುತ್ತದೆ. ಕೊನೆಗೆ ರಾಬ್ ಅದನ್ನು ಗುಂಡಿಕ್ಕಿ ಕೊಲ್ಲಲು ಹೇಳುತ್ತಾನೆ. ಆ ರಾತ್ರಿ ಕೆನ್ ತಣ್ಣನೆಯ ತೊರೆಯ ನೀರಿನಲ್ಲಿ ಕುಳಿತು ಮರಿಯ ತಲೆಯನ್ನು ಹಿಡಿದುಕೊಂಡೇ ಇರುತ್ತಾನೆ, ಆಮೇಲೆ ತಾನೇ ಕಾಯಿಲೆ ಬೀಳುತ್ತಾನೆ.

ಮಕ್ಕಳು ಇಲ್ಲಿ ಕೆನ್‌ನ ಪಕ್ಕದಲ್ಲಿ ಕುಳಿತು ಓದುತ್ತಾರೆ. ದೊಡ್ಡವರಿಗೆ ರಾಬ್‌ನ ಕಡೆಯಿಂದಲೂ ಓದಲು ಸಾಧ್ಯ, ನನಗೆ ಪುಸ್ತಕದ ನಿಜವಾದ ತೂಕ ಕಾಣುವುದು ಅಲ್ಲಿಯೇ. ಅವನು ಕ್ರೂರಿಯಲ್ಲ. ನರಳುವ ಪ್ರಾಣಿಯನ್ನು ನರಳಲು ಬಿಡಬಾರದು ಎಂಬುದು ಅವನ ಕಸುಬಿನ ಧರ್ಮ. ಯಾವ ಕೆಲಸಕ್ಕೂ ಬಾರದ ಕುದುರೆಗೆ ಮೇವು ಹಾಕುವಷ್ಟು ಅನುಕೂಲ ಆ ಮನೆಗಿಲ್ಲ ಎಂಬುದೂ ಅಷ್ಟೇ ನಿಜ. ಮಗನ ಮೇಲಿನ ಪ್ರೀತಿಯೂ ಲೆಕ್ಕದ ಪುಸ್ತಕವೂ ಒಂದೇ ಬಾಯಿಂದ ಮಾತನಾಡುವಾಗ ಮಾತು ಎಷ್ಟು ಒರಟಾಗುತ್ತದೆ ಎಂಬುದನ್ನು ಲೇಖಕಿ ಯಾರ ಪರವನ್ನೂ ವಹಿಸದೆ ಬರೆದಿದ್ದಾರೆ. ಇಬ್ಬರ ನಡುವೆ ನಿಂತು, ಗಂಡನ ಸಿಟ್ಟಿನ ಹಿಂದಿರುವ ಭಯವನ್ನೂ ಮಗನ ಮೌನದ ಹಿಂದಿರುವ ಆಸೆಯನ್ನೂ ಬಲ್ಲ ನೆಲ್ ನನ್ನ ದೃಷ್ಟಿಯಲ್ಲಿ ಈ ಕಾದಂಬರಿಯ ಅತ್ಯಂತ ಪೂರ್ಣವಾದ ಪಾತ್ರ.

ಇದೆಲ್ಲ ಓಹಾರಾ ಅವರಿಗೆ ಕೇಳಿ ತಿಳಿದ ಬದುಕಾಗಿರಲಿಲ್ಲ. 1885ರಲ್ಲಿ ಹುಟ್ಟಿ, ಹಾಲಿವುಡ್‌ನಲ್ಲಿ ಚಿತ್ರಕಥೆ ಬರೆಯುತ್ತಿದ್ದ ಅವರು 1930ರ ಸುಮಾರಿಗೆ ಗಂಡನೊಡನೆ ವಯೋಮಿಂಗ್‌ನ ಷೈಯನ್ ನಗರದ ಸಮೀಪದ ರೀಮೌಂಟ್ ಎಂಬ ರ‍್ಯಾಂಚ್‌ಗೆ ಬಂದು ನೆಲೆಸಿದರು. ಕುರಿ ಸಾಕಿದರು, ಮಹಾ ಆರ್ಥಿಕ ಕುಸಿತದಲ್ಲಿ ಬೆಲೆ ನೆಲಕಚ್ಚಿತು. ಹಾಲು ಮಾರಿದರು, ಹುಡುಗರಿಗಾಗಿ ಬೇಸಿಗೆ ಶಿಬಿರ ನಡೆಸಿದರು. ಮನೆ ನಡೆಸಲು ಹೀಗೆ ಒಂದಲ್ಲ ಒಂದು ದಾರಿ ಹುಡುಕುತ್ತಿದ್ದವರ ಕೈಯಿಂದ ಬಂದ ಪುಸ್ತಕವಾದ್ದರಿಂದಲೇ ಇಲ್ಲಿನ ಹುಲ್ಲು, ಹಿಮ, ಆಕಾಶಗಳ ವರ್ಣನೆ ಎಷ್ಟೇ ಸುಂದರವಾಗಿದ್ದರೂ ಪ್ರವಾಸಿಯ ವರ್ಣನೆಯಂತೆ ತೋರುವುದಿಲ್ಲ.

ಓದಿ ಮೆಚ್ಚಿದವರಿಗೆ 1943ರ ‘ಥಂಡರ್‌ಹೆಡ್’ ಮತ್ತು 1946ರ ‘ಗ್ರೀನ್ ಗ್ರಾಸ್ ಆಫ್ ವಯೋಮಿಂಗ್’ ಎಂಬ ಮುಂದಿನ ಎರಡು ಭಾಗಗಳಿವೆ. ಮೊದಲ ಪುಸ್ತಕದ ಕೊನೆಯಲ್ಲಿಯೂ ರ‍್ಯಾಂಚ್‌ನ ಹಣದ ಕಷ್ಟ ತೀರುವುದಿಲ್ಲ. ಎರಡನೆಯದರಲ್ಲಿ ಕೆನ್ ತನ್ನ ಬಿಳಿಯ ಕುದುರೆ ರೇಸಿನಲ್ಲಿ ಗೆದ್ದು ಮನೆಯನ್ನು ಉಳಿಸೀತೆಂದು ಆಸೆಯಿಂದ ದುಡಿಯುತ್ತಾನೆ. ಮಕ್ಕಳಿಗೆ ಕೊಡುವ ಮೊದಲು ‘ಥಂಡರ್‌ಹೆಡ್’ ಅನ್ನು ನೀವೇ ಒಮ್ಮೆ ಓದಿಕೊಳ್ಳಿ, ಏಕೆಂದರೆ ಅದರಲ್ಲಿ ದುಡ್ಡಿನ ಚಿಂತೆ ರಾಬ್ ಮತ್ತು ನೆಲ್ ದಾಂಪತ್ಯದೊಳಕ್ಕೇ ಇಳಿಯುತ್ತದೆ.